ಅಪ್‌ಡೇಟ್: ಹಸ್ಕಿ ಬೇಡ ಅಂದಿದ್ರಲ್ಲ, ಕೊನೆಗೆ ಮನೆಗೆ ಬಂದಿದ್ದು ಇವಳು

ಎರಡು ತಿಂಗಳ ಹಿಂದೆ ಕೇಳಿದ್ದೆ: ಬೆಂಗಳೂರಲ್ಲಿ ಫ್ಲ್ಯಾಟ್, ಎಂಟು ವರ್ಷದ ಮಗಳು, ಮಂಡಿನೋವಿನ ಅತ್ತೆ, ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಹಸ್ಕಿ ಮರಿ ತರೋದಾ ಗಿಳಿ ಸಾಕೋದಾ ಅಂತ. ನಮ್ಮ ಕಡೆಯ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಂತ ನೀವು ಹೇಳಿದ ಮೇಲೆ ಅದನ್ನು ಬಿಟ್ಟೆವು. ಹಸ್ಕಿ ಹಿಮದ ಮೇಲೆ ಗಾಡಿ ಎಳೆಯುವ ನಾಯಿ, ಮೈಮೇಲೆ ಎರಡು ಪದರ ಕೂದಲು, ಅದನ್ನು ಏಪ್ರಿಲ್ ಸೆಕೆಯಲ್ಲಿ ನಾಲ್ಕು ಗೋಡೆ ಮಧ್ಯೆ ಇಡೋದು ಪಾಪ ಅಲ್ವಾ.

ದತ್ತು ತಂದಿದ್ದು ಮೂರು ವರ್ಷದ ನಾಟಿ ಹೆಣ್ಣು ನಾಯಿ. ಮರಿ ಬೇಡ, ಬೆಳೆದದ್ದನ್ನೇ ತನ್ನಿ, ಸ್ವಭಾವ ಮೊದಲೇ ಗೊತ್ತಾಗುತ್ತೆ ಅಂದವರಿಗೆ ತುಂಬಾ ಥ್ಯಾಂಕ್ಸ್. ತರುವ ಮೊದಲು ಮೂರು ಭಾನುವಾರ ಅವಳಿದ್ದ ಕಡೆಗೆ ಎಲ್ಲರೂ ಹೋಗಿ ಸುಮ್ನೆ ಕೂತು ಬಂದೆವು, ಮೂರನೇ ಸಲ ಅವಳೇ ಬಂದು ಅತ್ತೆಯ ಸೆರಗು ಮೂಸಿ, ಅವರ ಪಾದದ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಮಕ್ಕಳಾಗದ ಆಪರೇಷನ್ ಆಗಿದೆ. ರೇಬೀಸ್ ಲಸಿಕೆಯ ಮುಂದಿನ ವರ್ಷದ ತಾರೀಖನ್ನು ಮಗಳು ಗೋಡೆ ಕ್ಯಾಲೆಂಡರ್ ಪಕ್ಕದಲ್ಲೇ ಬರೆದಿಟ್ಟಿದ್ದಾಳೆ.

ಮೊದಲ ವಾರ ಮಂಚದ ಕೆಳಗಿಂದ ಈಚೆಗೇ ಬರಲಿಲ್ಲ, ನನಗಂತೂ ಅಳು ಬಂದಿತ್ತು. ಈಗ ಕುಕ್ಕರ್ ಕೂಗುವ ಮೊದಲೇ ಅಡುಗೆಮನೆ ಹೊಸ್ತಿಲಲ್ಲಿ ಕಾದಿರುತ್ತಾಳೆ.