ಅಪ್‌ಡೇಟ್: ಮೂಡಿಗೆರೆ ಮನೆಯ ಆಸ್‌ಬೆಸ್ಟಾಸ್ ಶೀಟು ತೆಗೆಸುವ ಬಗ್ಗೆ

ಮೂಡಿಗೆರೆಯ ನಮ್ಮ ಹಳೆಯ ಮನೆಯ ಪಡುವಣ ಗೋಡೆಗೆ ಮಳೆಯ ಎರಚಲು ತಾಗದಂತೆ ಹಿಂದೆ ಹೊಡೆಸಿದ್ದ ಆಸ್‌ಬೆಸ್ಟಾಸ್ ಶೀಟುಗಳನ್ನು ತೆಗೆಸಬೇಕೇ ಅಥವಾ ಅವುಗಳ ಮೇಲೆಯೇ ತಗಡು ಹೊದಿಸಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಗಟ್ಟಿಯಾಗಿರುವ ಶೀಟಿನಲ್ಲಿ ಆಸ್‌ಬೆಸ್ಟಾಸ್ ಎಂಬ ಖನಿಜದ ನಾರು ಸಿಮೆಂಟಿನೊಳಗೇ ಹಿಡಿದುಕೊಂಡಿರುತ್ತದೆ. ಕೊರೆದಾಗ, ಕತ್ತರಿಸಿದಾಗ, ಒಡೆದಾಗ ಗಾಳಿಗೆ ಬರುವ ಅದರ ಧೂಳು ಉಸಿರಿನೊಂದಿಗೆ ಒಳಹೋದರೆ ದಶಕಗಳ ನಂತರವೂ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ತಗಡು ಹೊದಿಸಲು ಹಳೆಯ ಶೀಟಿಗೇ ಡ್ರಿಲ್ ಹಾಕಬೇಕಾಗುತ್ತದೆ ಎಂದು ಮೇಸ್ತ್ರಿ ಹೇಳಿದ ಮೇಲೆ ಆ ಯೋಚನೆಯನ್ನು ಬಿಟ್ಟೆವು. ಮೇಲಿನ ಸಾಲು ಗಟ್ಟಿಯಾಗಿದ್ದುದರಿಂದ, ಪಾಚಿಯನ್ನು ಉಜ್ಜದೆ, ಹಾಗೆಯೇ ಉಳಿಸಿಕೊಂಡೆವು. ಕೆಳಸಾಲಿನ ಅಂಚು ಮಾತ್ರ ಪುಡಿಪುಡಿಯಾಗಿತ್ತು. ಅದನ್ನು ನೀರಿನಿಂದ ಚೆನ್ನಾಗಿ ನೆನೆಸಿ, ಬೋಲ್ಟುಗಳನ್ನು ಬಿಚ್ಚಿ, ಒಡೆಯದಂತೆ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದೇವೆ. ಕೊಟ್ಟಿಗೆಗೆ ಬೇಕೆಂದು ಪಕ್ಕದ ಮನೆಯವರು ಕೇಳಿದರೂ, ಕಾರಣ ತಿಳಿಸಿ, ಕೊಡಲಿಲ್ಲ.