ನರ್ಸಿಂಗ್ ಸಹಾಯಕಿಯಿಂದ ಸ್ಟಾಫ್ ನರ್ಸ್: ಈ ದಾರಿ ನಡೆದವರು ತಿಳಿಸಿ

ಪ್ರಶ್ನೆ (ದಾವಣಗೆರೆ): ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಸಹಾಯಕಿಯಾಗಿದ್ದೇನೆ. ವಯಸ್ಸು 27, ಪಿಯುಸಿ ಕಲಾ ವಿಭಾಗ, ಕನ್ನಡ ಮಾಧ್ಯಮ. ರೋಗಿಗಳ ಬಾಯಲ್ಲಿ ನಾನೂ ಸಿಸ್ಟರ್; ಸಂಬಳದ ದಿನ ಮಾತ್ರ ಆಯಾಗಳ ಸಾಲು. ರಿಜಿಸ್ಟರ್ಡ್ ನರ್ಸ್ ಆಗಬೇಕೆಂಬ ಆಸೆ. ಕಾಲೇಜಿಗೆ ಹೋಗದೆಯೇ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಕೊಡಿಸುತ್ತೇನೆಂದು ಒಬ್ಬರು ಬೆನ್ನು ಬಿದ್ದಿದ್ದಾರೆ. ಮನೆಯಲ್ಲಿ ಚಿಕ್ಕ ಮಗುವಿದೆ. ಏನು ಮಾಡಲಿ?

ಸ್ಟಾಫ್ ನರ್ಸ್, ಚಿತ್ರದುರ್ಗ: ನೋಡಿ ತಂಗಿ, ಮೊದಲು ಆ ಮನುಷ್ಯನಿಗೆ ದೂರದಿಂದಲೇ ಕೈಮುಗಿಯಿರಿ. ಮನೆಯಲ್ಲಿ ಕುಳಿತು ನರ್ಸ್ ಆಗುವ ದಾರಿ ಇಲ್ಲ. ಪ್ರಾಯೋಗಿಕ ತರಬೇತಿಯ ಹಾಜರಿ ನೂರಕ್ಕೆ ನೂರು ಇರಲೇಬೇಕು. ಕೊನೆಗೆ ನೋಂದಣಿ ಸಂಖ್ಯೆ ಕೊಡುವುದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. ಆ ಸಂಖ್ಯೆ ತರದ ಸರ್ಟಿಫಿಕೇಟು ಬರೀ ಕಾಗದ. ಸೇರುವ ಶಾಲೆಗೆ ಮಾನ್ಯತೆ ಇದೆಯೇ ಎಂದು ಕೌನ್ಸಿಲ್‌ನಲ್ಲೇ ವಿಚಾರಿಸಿ, ಶಾಲೆಯವರ ಬಾಯಿಮಾತನ್ನು ನಂಬಬೇಡಿ.

ಕಲಾ ವಿಭಾಗದವರಿಗೂ ಜಿಎನ್‌ಎಂ ಸಿಗುತ್ತದೆ. ಇಂಗ್ಲಿಷ್ ಓದಿರಬೇಕು, ಶೇ 40 ಅಂಕವಿರಬೇಕು, ವಯಸ್ಸು 35 ದಾಟಿರಬಾರದು. ಅವಧಿ 3 ವರ್ಷ. ಬಿ.ಎಸ್ಸಿ. ನರ್ಸಿಂಗ್ 4 ವರ್ಷದ್ದು, ಅದಕ್ಕೆ ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಇರಲೇಬೇಕು. ಆ ಮಾತು ಈಗ ಬಿಡಿ. ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸ್) ಎರಡೇ ವರ್ಷವೆಂದು ಯಾರಾದರೂ ಹೇಳಿಯಾರು. ಉಪಕೇಂದ್ರ, ಲಸಿಕೆ, ಗರ್ಭಿಣಿಯರ ಮನೆ ಭೇಟಿ, ಅದೂ ಗೌರವದ ಕೆಲಸವೇ. ಆದರೆ ನೀವು ಕೇಳಿದ ನೋಂದಣಿ ಅದಲ್ಲ.

ನರ್ಸಿಂಗ್ ಶಾಲೆಯ ಬೋಧಕಿ, ದಾವಣಗೆರೆ: ಸಹಾಯಕಿಯರಾಗಿ ದುಡಿದು ಬಂದವರಿಗೆ ಪಾಠ ಮಾಡಿದ್ದೇನೆ. ಪಿಯುಸಿ ಮುಗಿಸಿ ನೇರವಾಗಿ ಬಂದ ಹುಡುಗಿಯರು ರೋಗಿಯ ಮೈ ಮುಟ್ಟಲು ಹಿಂಜರಿಯುತ್ತಿರುವಾಗ ಇವರು ಅರ್ಧ ಕೆಲಸ ಮುಗಿಸಿರುತ್ತಾರೆ. ತೊಂದರೆ ಶುರುವಾಗುವುದೂ ಅಲ್ಲೇ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ನಿಮಗೆ ನಿದ್ದೆಗಣ್ಣಿನಲ್ಲೂ ಬರುತ್ತದೆ. ಪರೀಕ್ಷಕರು ಕೇಳುವುದು, ಬದಲಿಸುವಾಗ ಏನನ್ನು ನೋಡಿದಿರಿ ಎಂದು. ಸೊಂಟದ ಹಿಂಭಾಗ, ಹಿಮ್ಮಡಿ, ಹೆಗಲ ಮೂಳೆಯ ಮೇಲೆ ಚರ್ಮ ಕೆಂಪಾಗಿತ್ತೇ? ಬೆರಳಿನಿಂದ ಒತ್ತಿದಾಗ ಕೆಂಪು ಮಾಯವಾಯಿತೇ, ಹಾಗೆಯೇ ಉಳಿಯಿತೇ? ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಬರೆದಿಟ್ಟಿರಾ? ಯಾರಿಗೆ ತಿಳಿಸಿದಿರಿ?

ಡ್ರಿಪ್ ವಿಷಯವೂ ಅಷ್ಟೇ. 500 ಮಿ.ಲೀ. ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಕೊಳವೆಯ ಸೆಟ್ಟಿನ ಮೇಲೆ ಮಿ.ಲೀ.ಗೆ 20 ಹನಿ ಎಂದಿದೆ ಎನ್ನೋಣ. ಐನೂರನ್ನು ಇಪ್ಪತ್ತರಿಂದ ಗುಣಿಸಿ 480 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. ಕಣ್ಣಂದಾಜಿನಲ್ಲಿ ಹನಿ ಬಿಟ್ಟು ರೂಢಿಯಾದವರಿಗೆ ಈ ಲೆಕ್ಕ ಅನಗತ್ಯ ರಗಳೆ ಎನಿಸುತ್ತದೆ. ಹೃದಯದ ತೊಂದರೆ ಇರುವ ರೋಗಿಗೆ ನೀರು ಬೇಗ ಹೋದರೆ ಶ್ವಾಸಕೋಶ ತುಂಬಿಕೊಳ್ಳಬಹುದು. ರಗಳೆಗೆ ಕಾರಣ ಅದು. ಏಕೆ ಎಂದು ಕೇಳುವ ಅಭ್ಯಾಸವನ್ನು ಈಗಿನ ವಾರ್ಡಿನಲ್ಲೇ ಬೆಳೆಸಿಕೊಳ್ಳಿ. ಕೆಲವು ಹಿರಿಯ ಸಿಸ್ಟರ್‌ಗಳು ಗದರುತ್ತಾರೆ, ಗದರಲಿ.

ವಾರ್ಡ್ ಬಾಯ್ ಆಗಿದ್ದು ಈಗ ನರ್ಸ್, ಹರಿಹರ: ಅಕ್ಕಾ, ನನ್ನನ್ನು ಕಾಡಿದ್ದು ಇಂಗ್ಲಿಷ್. ಪಠ್ಯ, ಪರೀಕ್ಷೆ ಎಲ್ಲವೂ ಅದರಲ್ಲೇ. ಆದರೆ ಬಿ.ಡಿ. ಎಂದರೆ ದಿನಕ್ಕೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಎಸ್.ಒ.ಎಸ್. ಎಂದರೆ ಅಗತ್ಯ ಬಿದ್ದಾಗ ಎಂಬುದೆಲ್ಲ ನಿಮಗೆ ಈಗಲೇ ಗೊತ್ತಿರುತ್ತದೆ. ದಿನವೂ ಕೇಸ್ ಶೀಟಿನ ನಾಲ್ಕು ಪದಗಳನ್ನು ಬರೆದುಕೊಂಡು ಅರ್ಥ ಹುಡುಕಿ, ರೋಗಿಯ ಹೆಸರು ಮಾತ್ರ ಬರೆಯಬೇಡಿ. ಅಂಗರಚನಾಶಾಸ್ತ್ರದ ಪುಸ್ತಕ ತೆರೆದಾಗ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ. ರಾತ್ರಿ ಪಾಳಿ ಮಾಡಿಕೊಂಡು ಓದಿದೆ. ಮಗುವಿರುವ ನಿಮಗೆ ಅದನ್ನು ಹೇಳಲಾರೆ.

ನರ್ಸ್ ಒಬ್ಬರ ಪತಿ, ಹೊಳಲ್ಕೆರೆ: ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ, ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಬೇಕಾಗುತ್ತವೆ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಮೂಲ ಅಂಕಪಟ್ಟಿ ಕೊಟ್ಟರೆ ಸ್ವೀಕೃತಿ ಪತ್ರ ಬಿಡಬೇಡಿ. ಮಗುವಿನ ವಿಷಯದಲ್ಲಿ ಮನೆಯವರ ಒಪ್ಪಿಗೆ ಒಂದೇ ಸಾಲದು. ಬೆಳಿಗ್ಗೆ ನೀವು ವಾರ್ಡಿಗೆ ಹೊರಟಾಗ ಮಗುವನ್ನು ಎತ್ತಿಕೊಳ್ಳುವವರು ಯಾರೆಂದು ಹೆಸರು ಹಿಡಿದು ತೀರ್ಮಾನಿಸಿ. ನಮ್ಮ ಮನೆಯಲ್ಲಿ ಅದು ನಾನು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಇಷ್ಟು ವರ್ಷದ ಅನುಭವಕ್ಕೆ ಕೋರ್ಸಿನಲ್ಲಿ ಏನಾದರೂ ಕಡಿತ ಸಿಗುತ್ತದೆಯೇ?

ಬೋಧಕಿ, ದಾವಣಗೆರೆ: ಇಲ್ಲ, ಮೊದಲ ವರ್ಷದಿಂದಲೇ ಶುರು. ಆದರೂ ಕೆಲಸ ಬಿಡುವಾಗ ಅನುಭವ ಪತ್ರ ಪಡೆದುಕೊಳ್ಳಿ, ಜಗಳವಾಡಿಕೊಂಡು ಬರಬೇಡಿ. ನೋಂದಣಿಯಾದ ಮೇಲೆ ಮೊದಲ ಸಂದರ್ಶನಕ್ಕೆ ಕರೆಯುವವರು ಅವರೇ ಆಗಿರಬಹುದು.