ಪದಚರ್ಚೆ: ‘ಖಾಸಗಿ ಬಂದೂಕು ಮಾಲೀಕತ್ವ’ ಮತ್ತು ‘ಆತ್ಮರಕ್ಷಣೆ’ (ಬ್ಯಾನರಿಗೆ ಶುಕ್ರವಾರದೊಳಗೆ ಬೇಕು)

ತುಮಕೂರಿನಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಲೇಜಿನಲ್ಲಿ ಬರುವ ಶನಿವಾರ ಅಂತರಕಾಲೇಜು ಚರ್ಚಾಸ್ಪರ್ಧೆ ಇದೆ. ವಿಷಯವನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದಾರೆ, ಚರ್ಚೆ ನಡೆಯುವುದು ಕನ್ನಡದಲ್ಲಿ. ವೇದಿಕೆಯ ಹಿಂದೆ ಕಟ್ಟುವ ಬ್ಯಾನರಿಗೆ ಒಂದು ಸಾಲನ್ನೂ ವಿದ್ಯಾರ್ಥಿಗಳಿಗೆ ಹಂಚಲು ನಾಲ್ಕು ಪುಟಗಳ ಟಿಪ್ಪಣಿಯನ್ನೂ ಅನುವಾದಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಟಿಪ್ಪಣಿಗೆ ಇನ್ನೂ ಸಮಯವಿದೆ, ಆದರೆ ಬ್ಯಾನರಿನ ಸಾಲು ಶುಕ್ರವಾರ ಮಧ್ಯಾಹ್ನದೊಳಗೆ ಮುದ್ರಣದವರ ಕೈ ಸೇರಬೇಕು.

ನಾನು ಮೊದಲು ಬರೆದುಕೊಂಡ ಸಾಲು ಇದು: ‘ಆತ್ಮರಕ್ಷಣೆಗಾಗಿ ಖಾಸಗಿ ಬಂದೂಕು ಮಾಲೀಕತ್ವವು ನಾಗರಿಕರ ಹಕ್ಕು.’ ಇದನ್ನು ಓದಿದ ಎರಡನೆಯ ಬಿ.ಎ. ವಿದ್ಯಾರ್ಥಿನಿಯೊಬ್ಬಳು, ‘ಖಾಸಗಿ ಬಸ್ಸು ಅನ್ನೋ ಹಾಗೆ ಖಾಸಗಿ ಬಂದೂಕು ಅಂತ ಬೇರೆ ಇರುತ್ತಾ ಮೇಡಂ?’ ಎಂದು ಕೇಳಿದಳು. ಅವಳು ಕೇಳಿದ್ದು ಸರಿಯಾಗಿಯೇ ಇದೆ. ‘ಖಾಸಗಿ’ ಎಂಬ ವಿಶೇಷಣ ಮಾಲೀಕತ್ವಕ್ಕೆ ಸೇರಬೇಕಾದದ್ದು ನನ್ನ ಸಾಲಿನಲ್ಲಿ ಬಂದೂಕಿಗೆ ಅಂಟಿಕೊಂಡಿದೆ.

ಎರಡನೆಯ ತೊಡಕು ‘ಮಾಲೀಕತ್ವ’ದ್ದು. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯಲ್ಲಿ ಒಡೆತನದ ಮಾತೇ ಇಲ್ಲ. ಅಲ್ಲಿರುವುದು ಎರಡು ಕ್ರಿಯೆಗಳು: ಆಯುಧವನ್ನು ಇಟ್ಟುಕೊಳ್ಳುವುದು ಒಂದು, ಮೈಮೇಲೆ ಧರಿಸುವುದು ಇನ್ನೊಂದು. ಅಲ್ಲಿನ ಸುಪ್ರೀಂ ಕೋರ್ಟು 2008ರಲ್ಲಿ ಮನೆಯೊಳಗೆ ರಕ್ಷಣೆಗಾಗಿ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಹೇಳಿತು, 2022ರಲ್ಲಿ ಆ ಹಕ್ಕು ಮನೆಯ ಹೊರಗೆ ಒಯ್ಯುವುದಕ್ಕೂ ಅನ್ವಯಿಸುತ್ತದೆ ಎಂದಿತು. ಎರಡಕ್ಕೂ ‘ಮಾಲೀಕತ್ವ’ ಎಂದೇ ಬರೆದರೆ ಈ ಎರಡು ತೀರ್ಪುಗಳ ನಡುವಿನ ಹದಿನಾಲ್ಕು ವರ್ಷಗಳ ವಾದವೇ ಕನ್ನಡದಲ್ಲಿ ಕಾಣದೆ ಹೋಗುತ್ತದೆ.

ಮೂರನೆಯದಾಗಿ, ಪರ ಮತ್ತು ವಿರೋಧ ಎರಡೂ ಕಡೆಯವರು ಅದೇ ಸಾಲಿನ ಮೇಲೆ ನಿಂತು ವಾದಿಸಬೇಕು, ಪದವೇ ತೀರ್ಪು ಕೊಡಬಾರದು. ಟಿಪ್ಪಣಿಯಲ್ಲಿ ‘ಬಂದೂಕಿಗೆ ಕಡಿವಾಣ’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ಕಡಿವಾಣ ಬೀಳುವುದು ಲಂಗುಲಗಾಮಿಲ್ಲದ ಕುದುರೆಗೆ. ‘ನಿಯಂತ್ರಣ’ ಎಂದು ಇಟ್ಟಿದ್ದೇನೆ. ‘ಆತ್ಮರಕ್ಷಣೆ’ಯ ವಿಷಯದಲ್ಲಿಯೂ ಇಂಥದೇ ಅನುಮಾನವಿದೆ. ತಿಳಿದವರು ದಯವಿಟ್ಟು ಹೇಳಬೇಕು.

ಕೋಲಾರದಿಂದ

ಅಮ್ಮಾ, ನಿಮ್ಮ ಸಾಲಿನಲ್ಲಿ ಕನ್ನಡ ಎಲ್ಲಿದೆ? ‘ಬಂದೂಕು’ ಅರಬ್ಬಿಯದು, ಹೇಝಲ್ ಎಂಬ ಕಾಯಿಯ ಹೆಸರು ಮೊದಲು ಗುಂಡಿಗೆ, ಆಮೇಲೆ ಗುಂಡು ಹಾರಿಸುವ ಸಾಧನಕ್ಕೆ ಬಂದದ್ದು. ನಮ್ಮ ಗಡಿಯ ಊರುಗಳ ‘ತುಪಾಕಿ’ ತುರ್ಕಿ ಮೂಲದ್ದು. ಕನ್ನಡಕ್ಕೆ ‘ಕೋವಿ’ ಇದೆ. ಕೋವಿ ಎಂದರೆ ಕೊಳವೆ, ನಳಿಗೆ. ವಸ್ತುವಿನ ಆಕಾರವೇ ಹೆಸರಾದ ಇಂಥ ಪದವನ್ನು ಬಿಟ್ಟು ಅರಬ್ಬಿ ಕಾಯಿಯನ್ನು ಬ್ಯಾನರಿಗೆ ಏರಿಸುವುದು ನನಗೆ ಒಪ್ಪಿಗೆಯಿಲ್ಲ.

‘ಆತ್ಮರಕ್ಷಣೆ’ಯಂತೂ ಬೇಡವೇ ಬೇಡ. ಆತ್ಮವನ್ನು ಶಸ್ತ್ರಗಳು ಕತ್ತರಿಸಲಾರವು ಎಂದು ಗೀತೆಯೇ ಹೇಳಿರುವಾಗ ಕೋವಿ ಹಿಡಿದು ಅದನ್ನು ಕಾಯುವುದೇನು? ಬೆನ್ನಿಗೆ ಕಾವಲು ಬೆಂಗಾವಲು, ಮೈಗೆ ಕಾವಲು ಮೈಗಾವಲು, ಅದೇ ಹದದಲ್ಲಿ ತನಗೆ ತಾನೇ ಕಾವಲು ‘ತಂಗಾವಲು’. ಕಾಯ್ ಎಂಬ ಧಾತುವಿನಲ್ಲಿ ಕಾಪಾಡುವುದೂ ಇದೆ, ಕಾದಾಡುವುದೂ ಇದೆ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ನಮ್ಮ ಜಿಲ್ಲೆಯದು. ತುರುಗೊಳ್ (ದನಗಳ ಅಪಹರಣ), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಣ್ಣುಮಕ್ಕಳ ಮೊರೆ) ಎಂದು ಕಾದಿ ಮಡಿದವರ ವೀರಗಲ್ಲುಗಳು ಈ ಸೀಮೆಯ ಹೊಲಗಳಲ್ಲಿ ಇಂದಿಗೂ ನಿಂತಿವೆ. ಆ ಭಾಷೆ ನಮ್ಮದಾಗಿರುವಾಗ ಎರವಲು ಏಕೆ? ‘ತಂಗಾವಲಿಗೆ ಕೋವಿ ಇಡುವುದು ನಾಡಿಗರ ಹಕ್ಕು’ ಎಂದು ಬರೆಯಿರಿ.

ಪಾವಗಡದಿಂದ

ಕೋಲಾರದ ಮೇಷ್ಟರಿಗೆ ನಮಸ್ಕಾರ. ‘ತಂಗಾವಲು’ ನಡೆಯುವುದಿಲ್ಲ. ತಂಗಾಳಿ, ತಂಗೂಳು ಇವುಗಳಲ್ಲಿ ಇರುವುದು ‘ತಣ್’. ಓದುವವರ ಕಿವಿಗೆ ಅದು ತಣ್ಣಗಿನ ಕಾವಲು ಎಂದೇ ಕೇಳಿಸುತ್ತದೆ. ಕಾಯ್ ಮತ್ತು ಕಾದು ಒಂದೇ ಧಾತು ಎನ್ನುವುದೂ ತಪ್ಪು. ಕಾದು ಎಂಬುದಕ್ಕೆ ತಮಿಳಿನಲ್ಲಿ ಕೊಲ್ಲು ಎಂಬರ್ಥದ ಬೇರೆಯದೇ ಬಂಧುವಿದೆ. ‘ಕಾದು ನಿಂತ’ ಎಂಬಲ್ಲಿನ ಕಾದು ಕಾಯ್‌ನ ಭೂತಕೃದಂತವಷ್ಟೇ. ರೂಪ ಒಂದಾದ ಮಾತ್ರಕ್ಕೆ ಬೇರು ಒಂದಾಗುವುದಿಲ್ಲ.

ಮೇಡಂ ಅವರಿಗೆ ಒಂದು ಮಾತು. ನಮ್ಮ ತಂದೆಯವರ ಹೆಸರಿನಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಮದ್ದು ತುಂಬುವ ಬಂದೂಕೊಂದಿತ್ತು. ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಸಾಲು ಸಾಲಾಗಿ ಹೊಲ ಕೆದಕುತ್ತಿದ್ದವು. ತಂದೆಯವರು ಅಟ್ಟಣೆಯ ಮೇಲೆ ಕುಳಿತು ನಳಿಗೆಗೆ ಮದ್ದು ಸುರಿದು, ಮೇಲೆ ಬಟ್ಟೆಯ ಚೂರು ತುರುಕಿ, ಕಬ್ಬಿಣದ ಕಡ್ಡಿಯಿಂದ ಜಡಿದು ಬರಿಯ ಸದ್ದು ಹಾರಿಸುತ್ತಿದ್ದರು. ಹಾರಿಸಿದ ಮೇಲೆ ಕಡ್ಡಿಯ ತುದಿಗೆ ಎಣ್ಣೆಯ ಬಟ್ಟೆ ಸುತ್ತಿ ನಳಿಗೆ ಒರೆಸುವುದು ನನ್ನ ಕೆಲಸವಾಗಿತ್ತು, ಮಸಿ ಎರಡು ದಿನವಾದರೂ ಉಗುರಿನಿಂದ ಹೋಗುತ್ತಿರಲಿಲ್ಲ. ಚುನಾವಣೆ ಬಂದಾಗ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಚೀಟಿ ಪಡೆಯುತ್ತಿದ್ದರು, ಫಲಿತಾಂಶ ಬಂದ ಮೇಲೆ ಚೀಟಿ ಕೊಟ್ಟು ವಾಪಸು ತರುತ್ತಿದ್ದರು. ಇಷ್ಟು ವರ್ಷಗಳಲ್ಲಿ ಊರಿನವರು ಯಾರೂ ತಂದೆಯವರನ್ನು ‘ಬಂದೂಕಿನ ಮಾಲೀಕರು’ ಎಂದು ಕರೆದಿಲ್ಲ, ‘ಅವರು ಬಂದೂಕು ಇಟ್ಟುಕೊಂಡಿದ್ದಾರೆ’ ಎನ್ನುತ್ತಿದ್ದರು. ಹೊಲಕ್ಕೆ, ಬಾವಿಗೆ, ಲಾರಿಗೆ ಮಾಲೀಕರಿರುತ್ತಾರೆ. ಬಂದೂಕನ್ನು ಇಟ್ಟುಕೊಂಡಿರುತ್ತಾರೆ. ನಿಮಗೆ ಬೇಕಾದ ಪದ ಈ ಕ್ರಿಯಾಪದದಲ್ಲಿಯೇ ಇದೆ.

ಕೋವಿ ಒಳ್ಳೆಯ ಪದವೇ, ಆದರೆ ಅದು ಕೊಡಗು, ಮಲೆನಾಡಿನ ಮನೆಗಳಲ್ಲಿ ಬದುಕಿದೆ. ನಮ್ಮ ಕಡೆ ಅದು ಪುಸ್ತಕದ ಮಾತು.

ಚಿಂತಾಮಣಿಯಿಂದ

ನಾನು ವಕೀಲಿಯಲ್ಲಿ ಇರುವವನು, ಆದ್ದರಿಂದ ಅರ್ಥದ ಗಡಿಯ ಬಗ್ಗೆ ಮಾತ್ರ ಹೇಳುತ್ತೇನೆ. ಆತ್ಮಕಥೆ, ಆತ್ಮಹತ್ಯೆಗಳಲ್ಲಿ ಇರುವ ‘ಆತ್ಮ’ ತಾನು ಎಂಬ ಸರ್ವನಾಮ. ಗೀತೆಯ ಶ್ಲೋಕ ಇಲ್ಲಿ ಸಲ್ಲದು. ನನ್ನ ಆಕ್ಷೇಪ ಬೇರೆಯದು.

ನಮ್ಮ ದಂಡಸಂಹಿತೆಯ 96ರಿಂದ 106ನೆಯ ಕಲಮುಗಳಲ್ಲಿ ಇದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗೆ ಬಂದಿರುವ ಹಕ್ಕು ತನ್ನೊಬ್ಬನ ರಕ್ಷಣೆಯದಲ್ಲ. ತನ್ನ ದೇಹ, ಬೇರೆ ಯಾರದೇ ದೇಹ, ತನ್ನ ಸ್ವತ್ತು, ಬೇರೆಯವರ ಸ್ವತ್ತು, ಇವೆಲ್ಲವನ್ನೂ ಹಲ್ಲೆ, ಕಳ್ಳತನ, ಸುಲಿಗೆ, ಅತಿಕ್ರಮಣಗಳಿಂದ ಕಾಯುವ ಹಕ್ಕು ಅದು. ಪಕ್ಕದ ಮನೆಯ ಹೆಂಗಸನ್ನು ಬಿಡಿಸಲು ಹೋದವನಿಗೂ ಅದು ಸಲ್ಲುತ್ತದೆ. ಇದನ್ನು ‘ಆತ್ಮರಕ್ಷಣೆ’ ಎಂದರೆ ಅರ್ಧ ಹಕ್ಕು ಬಿಟ್ಟುಹೋಗುತ್ತದೆ, ‘ಖಾಸಗಿ ರಕ್ಷಣೆ’ ಎಂದರೆ ಪೂರ್ತಿ ಬರುತ್ತದೆ. ಇಲ್ಲಿ ಖಾಸಗಿ ಎಂದರೆ ಸರ್ಕಾರವಲ್ಲದವರು ಮಾಡುವ ರಕ್ಷಣೆ. ಅರಸುಮನೆಯ ಸ್ವಂತ ಆಸ್ತಿಯನ್ನು ಹೇಳುತ್ತಿದ್ದ ‘ಖಾಸಗಿ’ ಇಂದು ಸರ್ಕಾರಕ್ಕೆ ಎದುರಾದ ಪದವಾಗಿದೆ. ಅಂಥ ಹೊರಳನ್ನು ತಾಳಿಕೊಂಡ ಪದವನ್ನು ಪರಕೀಯವೆಂದು ಹೊರಗೆ ಕಳಿಸುವ ಅಗತ್ಯ ನನಗೆ ಕಾಣುವುದಿಲ್ಲ. ಈ ಹಕ್ಕಿಗೆ ಮಿತಿಯೂ ಇದೆ. ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ಮೊರೆ ಹೋಗಲು ಸಮಯವಿದ್ದಾಗ ಈ ಹಕ್ಕು ಸಲ್ಲುವುದೇ ಇಲ್ಲ.

ಇನ್ನು ‘ಹಕ್ಕು’. ಸ್ಪರ್ಧೆಯ ಸಾಲಿನಲ್ಲಿ ಎಲ್ಲಕ್ಕಿಂತ ಭಾರವಾದ ಪದ ಇದೇ. 1959ರ ಆಯುಧ ಅಧಿನಿಯಮದ ಮೂರನೆಯ ಕಲಮಿನ ಪ್ರಕಾರ ಬಂದೂಕನ್ನು ಪಡೆಯಲು, ಸ್ವಾಧೀನದಲ್ಲಿ ಇಟ್ಟುಕೊಳ್ಳಲು, ಒಯ್ಯಲು ಪರವಾನಗಿ ಬೇಕು. 2019ರ ತಿದ್ದುಪಡಿಯು ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಇರುವುದು ಪರವಾನಗಿಯಿಂದ ವಿನಾಯಿತಿ, 2019ರಲ್ಲಿ ಅದು ಇನ್ನೂ ಹತ್ತು ವರ್ಷಕ್ಕೆ ಮುಂದುವರಿದಿದೆ. ಹಕ್ಕು, ಪರವಾನಗಿ, ವಿನಾಯಿತಿ ಮೂರೂ ಬೇರೆ. 1931ರ ಕಾಂಗ್ರೆಸ್ಸಿನ ಕರಾಚಿ ಅಧಿವೇಶನದ ನಿರ್ಣಯದಲ್ಲಿ ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕು ಸೇರಿತ್ತು. ಮಂಗಳೂರು ಮೂಲದ ಎಚ್.ವಿ. ಕಾಮತ್ ಅವರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಮೂಲಭೂತ ಹಕ್ಕುಗಳಿಗೆ ಸೇರಿಸಲು ತಿದ್ದುಪಡಿ ತಂದರು, ಸಭೆ ಒಪ್ಪಲಿಲ್ಲ. ಹೀಗಿರುವಾಗ ‘ನಾಗರಿಕರ ಹಕ್ಕು’ ಎಂದು ಬ್ಯಾನರಿನಲ್ಲಿ ಬರೆದರೆ ಇಲ್ಲದ ಹಕ್ಕನ್ನು ಇದೆ ಎಂದು ಸಾರಿದಂತಾಗುತ್ತದೆ.

ಕೋಲಾರದಿಂದ, ಮತ್ತೆ

ವ್ಯುತ್ಪತ್ತಿಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ, ನಿಲುವನ್ನು ಬಿಡುವುದಿಲ್ಲ. ಪರವಾನಗಿ, ಮಾಲೀಕ, ಖಾಸಗಿ, ಬಂದೂಕು, ವಕೀಲ: ಕಚೇರಿಯ ಕನ್ನಡದಲ್ಲಿ ಕನ್ನಡ ವಿಭಕ್ತಿ ಪ್ರತ್ಯಯ ಮಾತ್ರ ಉಳಿದಿದೆ. ಬಳಕೆಯಲ್ಲಿದೆ ಎಂಬುದೇ ವಾದವಾದರೆ ನಾಳೆ ‘ಗನ್ ಓನರ್‌ಶಿಪ್’ ಎಂಬುದೂ ಬಳಕೆಯಲ್ಲಿದೆ ಎನ್ನುತ್ತೀರಿ. ನಲವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ್ದೇನೆ, ಅವರ ಬಾಯಿಂದ ಒಂದೊಂದೇ ಪದ ಜಾರುವುದನ್ನು ಕಂಡ ನೋವಿನಿಂದ ಹೇಳುತ್ತಿದ್ದೇನೆ.

ಪಾವಗಡದಿಂದ, ಮತ್ತೆ

ಮೇಷ್ಟರೇ, ನಿಮ್ಮ ಸಾಲಿನಲ್ಲಿ ನೀವೇ ಉಳಿಸಿಕೊಂಡ ‘ಹಕ್ಕು’ ಅರಬ್ಬಿಯದು.

ತುಮಕೂರಿನಿಂದ, ಮತ್ತೆ

ಎಲ್ಲರಿಗೂ ಋಣಿಯಾಗಿದ್ದೇನೆ. ಮೇಷ್ಟರ ನೋವು ನನ್ನದೂ ಹೌದು, ತರಗತಿಯಲ್ಲಿ ದಿನವೂ ಅದನ್ನೇ ಕಾಣುತ್ತೇನೆ. ಆದರೆ ಪದದ ಹುಟ್ಟೂರನ್ನು ಕೇಳಿ ಒಳಗೆ ಬಿಡುವ ಕ್ರಮದಿಂದ ಆ ನೋವು ಶಮನವಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಬಂದೂಕು, ಪರವಾನಗಿ, ಹಕ್ಕುಗಳನ್ನು ಹಳ್ಳಿಯ ರೈತರು ಅರ್ಜಿಯಲ್ಲಿ ಬರೆಯುತ್ತಾರೆ, ಠಾಣೆಯಲ್ಲಿ ಹೇಳುತ್ತಾರೆ, ಜಗಳದಲ್ಲಿ ಕೂಗುತ್ತಾರೆ. ಕನ್ನಡ ಕಳೆದುಹೋಗುತ್ತಿರುವುದು ನಾಮಪದಗಳಲ್ಲಿ ಅಲ್ಲ, ವಾಕ್ಯದ ಕಟ್ಟಿನಲ್ಲಿ. ನನ್ನ ಮೊದಲ ಸಾಲಿನ ದೋಷವೂ ಅದೇ ಆಗಿತ್ತು. ನಾಲ್ಕು ನಾಮಪದಗಳನ್ನು ಒಂದರ ಹಿಂದೆ ಒಂದು ಪೋಣಿಸಿ ಕೊನೆಗೆ ‘ವು’ ಹಚ್ಚಿದ್ದೆ. ಅದರಲ್ಲಿ ಒಂದು ಕ್ರಿಯಾಪದವೂ ಇರಲಿಲ್ಲ.

ಪಾವಗಡದವರು ತೋರಿಸಿದ ‘ಕೊಳ್ಳು’ ನನಗೆ ದಾರಿ ಬಿಡಿಸಿಕೊಟ್ಟಿತು. ಇಡು ಬೇರೆ, ಇಟ್ಟುಕೊಳ್ಳು ಬೇರೆ. ಕಾಪಾಡು ಬೇರೆ, ಕಾಪಾಡಿಕೊಳ್ಳು ಬೇರೆ. ತನಗಾಗಿ ಎಂಬ ಅರ್ಥವನ್ನು ಈ ಸಹಾಯಕ ಕ್ರಿಯಾಪದ ತಾನೇ ಹೊತ್ತು ತರುತ್ತದೆ. ‘ಆತ್ಮ’ವೂ ‘ಸ್ವ’ವೂ ‘ತನ್’ ಕೂಡ ಬೇಕಾಗುವುದಿಲ್ಲ, ‘ಖಾಸಗಿ’ಯ ಕೆಲಸವನ್ನು ‘ನಾಗರಿಕರು’ ಎಂಬುದೇ ಮಾಡುತ್ತದೆ. ‘ಜೀವ ಕಾಪಾಡಿಕೊಳ್ಳಲು’ ಎಂದು ಒಮ್ಮೆ ಬರೆದು ಬಿಟ್ಟೆ, ಏಕೆಂದರೆ ಜೀವದ ಮಾತು ಬಂದ ಕೂಡಲೇ ಸಭೆ ಪರ ವಾದಿಸುವವರ ಕಡೆ ವಾಲುತ್ತದೆ, ಸ್ವತ್ತಿಗಾಗಿ ಗುಂಡು ಹಾರಿಸಬಹುದೇ ಎಂಬ ಕಠಿಣ ಪ್ರಶ್ನೆ ಮರೆಯಾಗುತ್ತದೆ. ವಕೀಲರ ಮಾತಿನಂತೆ ‘ಹಕ್ಕು’ ಎಂಬುದನ್ನು ‘ಹಕ್ಕಾಗಬೇಕು’ ಎಂದು ಮಾಡಿದ್ದೇನೆ. ಇದ್ದರೆ ವರದಿ, ಆಗಬೇಕಾದರೆ ವಾದ.

ಮೇಷ್ಟರು ನೆನಪಿಸಿದ ವೀರಗಲ್ಲುಗಳನ್ನು ಟಿಪ್ಪಣಿಯ ಎರಡನೆಯ ಪುಟಕ್ಕೆ ಸೇರಿಸಿದ್ದೇನೆ, ಬೇರೆ ಕಾರಣಕ್ಕೆ. ಊರಿನ ದನಗಳನ್ನು ಹಿಂದಕ್ಕೆ ತರಲು ಹೋಗಿ, ಹೆಣ್ಣುಮಕ್ಕಳ ಕೂಗಿಗೆ ಓಡಿ ಮಡಿದವರಾರೂ ತಮ್ಮನ್ನು ತಾವು ಕಾಪಾಡಿಕೊಳ್ಳುತ್ತಿರಲಿಲ್ಲ. ವಕೀಲರು ಹೇಳಿದ ಖಾಸಗಿ ರಕ್ಷಣೆಗೆ ಅವರೇ ಹತ್ತಿರ. ಕಾನೂನಿನ ಆ ಭಾಗಕ್ಕೆ ‘ಖಾಸಗಿ ರಕ್ಷಣೆ’ ಎಂದೇ ಬರೆಯುತ್ತೇನೆ. ಅಮೆರಿಕದ ಎರಡು ಕ್ರಿಯೆಗಳಿಗೆ ‘ಇಟ್ಟುಕೊಳ್ಳುವುದು’ ಮತ್ತು ‘ಜೊತೆಯಲ್ಲಿ ಒಯ್ಯುವುದು’. ಅಲ್ಲಿನ ಫ್ಲಾರಿಡಾ ರಾಜ್ಯ 2005ರಲ್ಲಿ ತಂದ, ದಾಳಿಗೆ ಗುರಿಯಾದವರು ಜಾಗ ಬಿಟ್ಟು ಹೋಗಬೇಕಾಗಿಲ್ಲ ಎನ್ನುವ ಕಾನೂನಿಗೆ ‘ಹಿಮ್ಮೆಟ್ಟದಿರುವ ಹಕ್ಕು’ ಎಂದು ಬರೆದಿದ್ದನ್ನು ಅಳಿಸಿದ್ದೇನೆ. ಹಿಮ್ಮೆಟ್ಟುವುದರಲ್ಲಿ ಸೋಲಿನ ನಾಚಿಕೆ ಸೇರಿಕೊಂಡಿದೆ, ‘ಜಾಗ ಬಿಟ್ಟು ಹೋಗುವುದು’ ಎಂಬುದರಲ್ಲಿ ಅದಿಲ್ಲ.

ಮುದ್ರಣಕ್ಕೆ ಕಳಿಸುತ್ತಿರುವ ಸಾಲು: ‘ತಮ್ಮನ್ನು ತಾವು ಕಾಪಾಡಿಕೊಳ್ಳಲು ಬಂದೂಕು ಇಟ್ಟುಕೊಳ್ಳುವುದು ನಾಗರಿಕರ ಹಕ್ಕಾಗಬೇಕು.’

ಕೋಲಾರದಿಂದ

ವಾಕ್ಯ ಕನ್ನಡದ್ದು, ಒಪ್ಪಿದೆ. ‘ಬಂದೂಕು’ ಒಪ್ಪಲಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ತುಮಕೂರಿಗೆ ಬರುತ್ತೇನೆ, ಮಕ್ಕಳು ಏನೆನ್ನುತ್ತಾರೋ ಕೇಳಬೇಕು.